ಹಾಡಾದ ಕವಿತೆ, ಹಾಡಾಗದ ಕವಿತೆ: ಸಿನಿಮಾದ ಜೊತೆಗೆ ಕಾವ್ಯವನ್ನು ಹಂಚಿಕೊಳ್ಳುವ ಬಗೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದಲ್ಲಿ ಕವಿತೆಯ ಸಾಲುಗಳೂ ಸಿನಿಮಾ ಹಾಡುಗಳೂ ಒಟ್ಟೊಟ್ಟಿಗೇ ಹಂಚಿಕೆಯಾಗುತ್ತಿವೆ. ಇವೆರಡನ್ನೂ ಬೇರೆ ಬೇರೆಯಾಗಿ ಇಡಬೇಕೆಂದು ಕೆಲವು ಹಿರಿಯರು ಸೂಚಿಸಿದ್ದಾರೆ. ನನ್ನ ಅಭಿಪ್ರಾಯ ಅದಕ್ಕೆ ವಿರುದ್ಧವಾಗಿದೆ. ಅವು ಒಟ್ಟಿಗೇ ಇರಲಿ. ಆದರೆ ಹಾಡನ್ನು ಹಂಚಿಕೊಂಡವರು ಅದರ ಹಿಂದಿನ ಇಡೀ ಕವಿತೆಯನ್ನು, ಸಾಧ್ಯವಾದರೆ ಅದೇ ಕವಿಯ ಹಾಡಾಗದೆ ಉಳಿದ ಇನ್ನೊಂದು ಕವಿತೆಯನ್ನೂ ಓದುಗರಿಗೆ ಪರಿಚಯಿಸಲಿ ಎಂಬುದು ನನ್ನ ಕೋರಿಕೆ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂಬುದಕ್ಕೆ ಒಂದೇ ಕವಿತೆಯ ಪ್ರಯಾಣವನ್ನು ಇಲ್ಲಿ ಇಡುತ್ತೇನೆ.

2023ರಲ್ಲಿ ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಸಿನಿಮಾ ಎರಡು ಭಾಗಗಳಾಗಿ ತೆರೆಗೆ ಬಂತು. ಆ ಹೆಸರು ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ ಕವಿತೆಯದು. ಅದಕ್ಕೂ ಎರಡೂವರೆ ದಶಕ ಮೊದಲು ನಾಗತಿಹಳ್ಳಿ ಚಂದ್ರಶೇಖರರು ‘ಅಮೆರಿಕಾ ಅಮೆರಿಕಾ’ ಸಿನಿಮಾದಲ್ಲಿ ಅದೇ ಕವಿತೆಯನ್ನು ಮನೋಮೂರ್ತಿಯವರ ಸಂಗೀತದಲ್ಲಿ ಬಳಸಿಕೊಂಡಿದ್ದರು, ಮತ್ತು ಅಡಿಗರ ಹೆಸರನ್ನೇ ಕೇಳದ ಮನೆಗಳಿಗೂ ‘ಯಾವ ಮೋಹನ ಮುರಳಿ ಕರೆಯಿತೋ’ ಎಂಬ ಸಾಲು ತಲುಪಿದ್ದು ಆಗ. ಅಂದರೆ ಹಳೆಯ ಧಾಟಿಯನ್ನು ಬಿಟ್ಟು ಹೊಸ ಬಗೆಯಲ್ಲಿ ಬರೆದ ನವ್ಯಕಾವ್ಯದ ಮುಂಚೂಣಿಯಲ್ಲಿದ್ದ ಕವಿಯೊಬ್ಬರ ಕವಿತೆಯನ್ನು ಎರಡು ತಲೆಮಾರಿನ ಪ್ರೇಕ್ಷಕರು ಚಿತ್ರಮಂದಿರದಲ್ಲಿ ಪಡೆದುಕೊಂಡಿದ್ದಾರೆ. ಇದು ಸಣ್ಣ ಸಂಗತಿಯಲ್ಲ.

ಎರಡೂ ಸಿನಿಮಾಗಳು ಆ ಕವಿತೆಯನ್ನು ತಮ್ಮದೇ ರೀತಿಯಲ್ಲಿ ಓದಿವೆ ಎಂಬುದನ್ನೂ ಗಮನಿಸಬೇಕು. ‘ದೂರ ತೀರ’ ಎಂಬುದು ಮೊದಲನೆಯದರಲ್ಲಿ ನಿಜವಾದ ಒಂದು ದೇಶವಾಗುತ್ತದೆ. ಊರು ಬಿಟ್ಟು ಕಡಲು ದಾಟಿದವರ ಸೆಳೆತ ಮತ್ತು ಸಂಕಟ ಆ ಪದಗಳಿಗೆ ಅಂಟಿಕೊಳ್ಳುತ್ತದೆ. ಎರಡನೆಯದರಲ್ಲಿ ಕಡಲು ಎಂದರೆ ನಾಯಕಿ ಪ್ರಿಯಾ ಬಯಸಿದ ಕಡಲತೀರದ ಮನೆ. ನಾಯಕ ಮನು ಜೈಲಿಗೆ ಹೋದ ಮೇಲೆ ಇಬ್ಬರಿಗೂ ಕೈಗೆಟುಕದೆ ಹೋದ ಬದುಕು. ಅಡಿಗರ ಮೂಲದಲ್ಲಿ ಇರುವುದು ಇವೆರಡೂ ಅಲ್ಲ, ಇವೆರಡಕ್ಕೂ ಅಲ್ಲಿ ಜಾಗವಿದೆ. ‘ಸಪ್ತಸಾಗರದಾಚೆಯೆಲ್ಲೋ ಸುಪ್ತಸಾಗರ ಕಾದಿದೆ’ ಎಂದು ಅವರು ಬರೆಯುತ್ತಾರೆ. ಏಳು ಕಡಲು ದಾಟಿದ ಮೇಲೆ ಸಿಗುವುದು ದಡವಲ್ಲ, ಮಲಗಿರುವ ಮತ್ತೊಂದು ಕಡಲು. ಸಿನಿಮಾದ ಹೆಸರು ಸಾಲಿನ ಅರ್ಧಕ್ಕೆ ನಿಂತಿದೆ. ಉಳಿದರ್ಧವನ್ನು ಓದಿದವರಿಗೆ ಮಾತ್ರ ಆ ಹೆಸರಿನ ಪೂರ್ತಿ ಭಾರ ತಿಳಿಯುತ್ತದೆ.

ಇನ್ನು ಕವಿತೆಯ ಕೊನೆಯ ಭಾಗದಲ್ಲಿ ಬರುವ ಒಂದು ಸಾಲು. ‘ಇರುವುದೆಲ್ಲವ ಬಿಟ್ಟು ಇರದುದರೆಡೆಗೆ ತುಡಿವುದೆ ಜೀವನ?’ ಇದು ಪ್ರಶ್ನೆ. ಸ್ಟೇಟಸ್‌ಗಳಲ್ಲಿ, ಟೀ ಶರ್ಟುಗಳ ಮೇಲೆ, ಪ್ರವಾಸದ ಫೋಟೋಗಳ ಅಡಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಉದುರಿಹೋಗಿ ಅದೊಂದು ಘೋಷಣೆಯಾಗಿಬಿಟ್ಟಿದೆ. ಇರುವುದನ್ನು ಬಿಟ್ಟು ಹೊರಡುವುದೇ ಬದುಕು ಎಂದು ಅಡಿಗರು ಅಪ್ಪಣೆ ಕೊಟ್ಟಂತೆ ಕಾಣುತ್ತದೆ. ಕವಿತೆಯಾದರೋ ಮೊದಲ ಸಾಲಿನಿಂದ ಕೊನೆಯವರೆಗೂ ಕೇಳುತ್ತಲೇ ಹೋಗುತ್ತದೆ: ಯಾವ ಮುರಳಿ ಕರೆಯಿತು, ಯಾವ ಬೃಂದಾವನ ಸೆಳೆಯಿತು ಎಂದು. ಉತ್ತರ ಎಲ್ಲಿಯೂ ಇಲ್ಲ. ಹಂಚಿಕೊಳ್ಳುವುದರಲ್ಲಿ ನಮಗೆ ಜವಾಬ್ದಾರಿ ಇದೆ ಎಂದು ನನಗೆ ಅನ್ನಿಸುವುದು ಇಂಥ ಕಡೆ. ನಿಮ್ಮ ಅನುಭವದಲ್ಲಿ ಇಂಥ ಬೇರೆ ಕವಿತೆಗಳಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಸಾಧನಕೇರಿ

ತುಂಗಾತೀರ ಅವರೇ, ಒಳ್ಳೆಯ ವಿಷಯ ಎತ್ತಿದ್ದೀರಿ. ಧಾರವಾಡದವನಾಗಿ ನಾನು ಬೇಂದ್ರೆಯವರ ಒಂದು ಕವಿತೆಯನ್ನು ಮುಂದಿಡಲೇಬೇಕು. ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಸಾಲನ್ನು ಹುಡುಗ ಹುಡುಗಿಯರ ವೀಡಿಯೊಗಳಿಗೆ ಹಿನ್ನೆಲೆಯಾಗಿ ಹಾಕುವುದನ್ನು ನೋಡುತ್ತಲೇ ಇದ್ದೇನೆ. ಮೊದಲ ಸಾಲಷ್ಟನ್ನೇ ಕೇಳಿದರೆ ಅದು ನಾಚಿಕೆಯ ಪ್ರೇಮಗೀತೆ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಕೂಸನ್ನು ಕಳೆದುಕೊಳ್ಳುತ್ತಿರುವ ತಂದೆ ತಾಯಿಯ ಕವಿತೆ. ಹೆಂಡತಿ ಗಂಡನ ಮುಖವನ್ನು ನೋಡುತ್ತಿದ್ದಾಳೆ, ಅವನಲ್ಲಿ ಉತ್ತರವಿಲ್ಲ. ‘ತಿರುಗಿ ನಾ ಹ್ಯಾಂಗ ನೋಡಲಿ ನಿನ್ನ’ ಎಂದು ಅವನು ಕೇಳುವುದು ಅದಕ್ಕಾಗಿ. ಮುಂದೆ ಮಲಗಿರುವ ಕೂಸು ಮಲಗಿರಲಿ, ಮುಂದಿನದು ದೇವರ ಚಿತ್ತ ಎಂಬ ಮಾತು ಬರುತ್ತದೆ. ಆಮೇಲೆ ಅವಳ ಮುಖ ಕಂಡ ಜೀವಕ್ಕೆ ದಿಗಿಲಾಗಿ, ಹುಣ್ಣಿಮೆಯ ಚಂದಿರನ ಹೆಣ ಹಗಲಿನ ಮುಗಿಲಿನಲ್ಲಿ ತೇಲಿಬಂದಂತೆ ಕಾಣುತ್ತದೆ. ಹಗಲಿನಲ್ಲಿ ಬೆಳ್ಳಗೆ ಸತ್ತಂತಿರುವ ಚಂದ್ರನನ್ನು ನಾವೆಲ್ಲರೂ ನೋಡಿದ್ದೇವೆ; ಅತ್ತು ಅತ್ತು ರಕ್ತವಿಳಿದ ತಾಯಿಯ ಮುಖವನ್ನು ಅದರಲ್ಲಿ ಕಂಡವರು ಬೇಂದ್ರೆ ಒಬ್ಬರೇ. ಈ ಪದ್ಯದ ಭಾಗವನ್ನು ಬಿಟ್ಟು ಮೊದಲ ಸಾಲನ್ನು ಮಾತ್ರ ಹಂಚಿಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಯಾರೂ ಹೇಳಿಲ್ಲ ಎಂಬ ಸಂಕಟವಿದೆ.

ಸಿನಿಮಾದವರು ಬೇಂದ್ರೆಯವರನ್ನು ಗೌರವದಿಂದ ನಡೆಸಿಕೊಂಡ ಉದಾಹರಣೆಗಳನ್ನೂ ಹೇಳಬೇಕು. ಪುಟ್ಟಣ್ಣ ಕಣಗಾಲರು 1967ರ ‘ಬೆಳ್ಳಿಮೋಡ’ದಲ್ಲಿ ‘ಮೂಡಲ ಮನೆಯ ಮುತ್ತಿನ ನೀರಿನ ಎರಕವ ಹೊಯ್ದ’ ಎಂಬ ‘ಬೆಳಗು’ ಕವಿತೆಯನ್ನು ಬಳಸಿದರು. ನಾಲ್ಕು ವರ್ಷಗಳ ನಂತರ ‘ಶರಪಂಜರ’ದಲ್ಲಿ ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’ ಬಂತು. ಎರಡಕ್ಕೂ ಸಂಗೀತ ವಿಜಯಭಾಸ್ಕರ್ ಅವರದು, ಎರಡೂ ತ್ರಿವೇಣಿಯವರ ಕಾದಂಬರಿಗಳನ್ನು ಆಧರಿಸಿದ ಚಿತ್ರಗಳು. ಕಾದಂಬರಿ, ಕವಿತೆ, ಸಂಗೀತ, ಸಿನಿಮಾ ಎಲ್ಲವೂ ಒಂದೇ ಮನೆಯವರಂತೆ ಓಡಾಡುತ್ತಿದ್ದ ಕಾಲವದು.

ಭೂಮಿಗೀತ

ಈ ಉತ್ಸಾಹಕ್ಕೆ ನಾನು ಸ್ವಲ್ಪ ತಡೆ ಒಡ್ಡಬೇಕಾಗಿದೆ, ಕ್ಷಮಿಸಿ. ಸಿನಿಮಾ ಮತ್ತು ಸುಗಮ ಸಂಗೀತ ಕಾವ್ಯವನ್ನು ಜನರಿಗೆ ತಲುಪಿಸಿವೆ ಎಂಬುದು ಅರ್ಧ ಸತ್ಯ. ಅವು ತಲುಪಿಸಿದ್ದು ಒಂದು ಬಗೆಯ ಕಾವ್ಯವನ್ನು ಮಾತ್ರ: ಪಲ್ಲವಿ ಇರುವ, ಮಾತ್ರೆಗಳ ಲೆಕ್ಕ ಸರಿಯಾಗಿ ಕೂರುವ, ಪ್ರಾಸವಿರುವ ಕವಿತೆಯನ್ನು. ಅಡಿಗರನ್ನೇ ತೆಗೆದುಕೊಳ್ಳಿ. ‘ಮೋಹನ ಮುರಳಿ’ ಅವರು ನವ್ಯದ ದಾರಿ ಹಿಡಿಯುವ ಮೊದಲಿನ ಧಾಟಿಯ ಕವಿತೆ. 1954ರ ‘ಚಂಡೆಮದ್ದಳೆ’ಯಿಂದ ಮುಂದೆ, 1959ರ ‘ಭೂಮಿಗೀತ’ದಲ್ಲಿ ಅವರು ಆ ಮಧುರ ಲಯವನ್ನು ಬೇಕೆಂದೇ ಮುರಿದರು, ತಮ್ಮ ಕಾಲದ ಒಡಕನ್ನು ಹೇಳುವುದಕ್ಕೆ ಆ ಲಯ ಸಾಲದು ಎಂದೇ ಮುರಿದರು. ಜನಪ್ರಿಯ ಸಂಸ್ಕೃತಿ ಅಡಿಗರನ್ನು ಉಳಿಸಿಕೊಂಡಿದೆ ಎಂದು ನಾವು ಸಂತೋಷಪಡುವಾಗ, ಅದು ಉಳಿಸಿಕೊಂಡಿರುವುದು ಅಡಿಗರೇ ದಾಟಿಹೋದ ಅಡಿಗರನ್ನು ಎಂಬುದು ನೆನಪಿರಲಿ.

ಕೆ.ಎಸ್. ನರಸಿಂಹಸ್ವಾಮಿಯವರ ವಿಷಯವೂ ಇದೇ. 1942ರ ‘ಮೈಸೂರ ಮಲ್ಲಿಗೆ’ಯ ಹಾಡುಗಳು ಎಲ್ಲರ ಬಾಯಲ್ಲೂ ಇವೆ. ನಾಗಾಭರಣರು ಆ ಕವಿತೆಗಳನ್ನೇ ಆಧರಿಸಿ ಸಿನಿಮಾ ಮಾಡಿದಾಗ, ಸಂಕಲನ ಬಂದು ಅರ್ಧ ಶತಮಾನವಾಗುವ ಹೊತ್ತಿಗೆ, ಕವಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿಯೂ ಸಂದಿತು. ಆದರೆ 1958ರಲ್ಲಿ ‘ಶಿಲಾಲತೆ’ ಬರೆದ ನರಸಿಂಹಸ್ವಾಮಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ತೆರೆದ ಬಾಗಿಲು’ವಿನ ನರಸಿಂಹಸ್ವಾಮಿ ಎಷ್ಟು ಜನಕ್ಕೆ ಗೊತ್ತು? ಅವರು ಜೀವನವಿಡೀ ‘ರಾಯರು ಬಂದರು ಮಾವನ ಮನೆಗೆ’ ಕವಿಯಾಗಿಯೇ ಉಳಿಯಬೇಕಾಯಿತು. ಹಾಡು ಕವಿಯನ್ನು ಮನೆಮನೆಗೂ ಕರೆದೊಯ್ಯುತ್ತದೆ, ಕರೆದೊಯ್ದು ಅಲ್ಲಿಯೇ ಕೂರಿಸಿಬಿಡುತ್ತದೆ.

ತುಂಗಾತೀರ

ಭೂಮಿಗೀತ ಅವರೇ, ನಿಮ್ಮ ಆಕ್ಷೇಪಣೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಾಡಾಗದ ಇನ್ನೊಂದು ಕವಿತೆಯನ್ನೂ ಜೊತೆಗಿಡಬೇಕು ಎಂದು ಆರಂಭದಲ್ಲೇ ಕೇಳಿಕೊಂಡದ್ದು ಇದೇ ಕಾರಣಕ್ಕೆ. ‘ಮೋಹನ ಮುರಳಿ’ಯನ್ನು ಹಂಚಿಕೊಂಡ ದಿನವೇ ‘ಭೂಮಿಗೀತ’ದಿಂದ ಒಂದು ಭಾಗವನ್ನು ನೀವೇ ಆರಿಸಿ, ನಾಲ್ಕು ಮಾತಿನ ಪ್ರವೇಶಿಕೆಯೊಂದಿಗೆ ಹಾಕಿಕೊಡುವಿರಾ? ಸಿನಿಮಾ ಹಾಡನ್ನು ಕೇಳಿ ಬಂದವರು ಅಲ್ಲಿಯೇ ಕೂರದಂತೆ ನೋಡಿಕೊಳ್ಳುವ ಕೆಲಸ ಸಿನಿಮಾದವರದಲ್ಲ, ಓದುಗರಾದ ನಮ್ಮದು.

ಧ್ವನಿಸುರುಳಿ

ಕ್ಯಾಸೆಟ್ಟುಗಳ ಕಾಲದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಧ್ವನಿಸುರುಳಿಯಾಗಿ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಅದಕ್ಕೆ ಹೆಸರಿದೆ. ‘ಜೋಗದ ಸಿರಿ ಬೆಳಕಿನಲ್ಲಿ’ ಎಂದು ಇವತ್ತಿಗೂ ಶಾಲೆಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ಮಕ್ಕಳು ಹಾಡುತ್ತಾರೆ. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಚಂದ್ರಶೇಖರ ಕಂಬಾರರೇ ನಿರ್ದೇಶಿಸಿದ ‘ಕಾಡುಕುದುರೆ’ ಸಿನಿಮಾದ ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಕನ್ನಡ ಗಾಯಕರು ಅವರು. ಆಮೇಲೆ ಸಿ. ಅಶ್ವತ್ಥರು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದಾಗ ಕವಿತೆಗಳನ್ನು ಕೇಳಲು ಮೈದಾನ ತುಂಬಿತ್ತು. ಅಲ್ಲಿ ಜನ ಸೇರಿದ್ದು ನಟರನ್ನು ನೋಡುವುದಕ್ಕಲ್ಲ. ಕುವೆಂಪು, ಬೇಂದ್ರೆ, ಶರೀಫರ ಸಾಲುಗಳನ್ನು ಕೇಳುವುದಕ್ಕೆ.

ಭೂಮಿಗೀತ ಅವರ ಮಾತಿಗೆ ಸಂಬಂಧಿಸಿದಂತೆ ನಿಸಾರರ ಒಂದು ಜೋಡಿಯನ್ನು ಸೂಚಿಸುತ್ತೇನೆ. ‘ನಿತ್ಯೋತ್ಸವ’ದ ಪಕ್ಕದಲ್ಲಿ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಕವಿತೆಯನ್ನು ಇಡಿ. ಮೊದಲನೆಯದು ತಾಯಿನೆಲದ ಸಿರಿಯನ್ನು ಮನಸಾರೆ ಕೊಂಡಾಡುತ್ತದೆ. ಎರಡನೆಯದು ಅದೇ ನೆಲದಲ್ಲಿ ಎಲ್ಲರ ನಡುವೆ ಇದ್ದೂ ತನ್ನತನವನ್ನು ಬಿಡದೆ ಬದುಕುವವನ ಕಷ್ಟವನ್ನು, ಪಕ್ಕದವರ ಅನುಮಾನದ ನೋಟವನ್ನು ಸಹಿಸಿಕೊಳ್ಳುವವನ ನೋವನ್ನು ತಗ್ಗಿದ ದನಿಯಲ್ಲಿ ಹೇಳುತ್ತದೆ. ಎರಡನ್ನೂ ಬರೆದವರು ಒಬ್ಬರೇ. ಮೊದಲನೆಯದನ್ನು ಮಾತ್ರ ಹಾಡುತ್ತಾ ಎರಡನೆಯದನ್ನು ಓದದೆ ಹೋದರೆ ನಾವು ಆ ಕವಿಯ ಅರ್ಧವನ್ನಷ್ಟೇ ಪ್ರೀತಿಸಿದಂತಾಯಿತು.

ಪದ್ಯಪಾಠ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳಿಗೆ ಗೊತ್ತಿರುವ ಹಾಡಿನಿಂದ ಆರಂಭಿಸಿದರೆ ತರಗತಿ ಎಷ್ಟು ಬೇಗ ಕಿವಿಗೊಡುತ್ತದೆ ಎಂಬುದನ್ನು ಕಂಡಿರುವುದರಿಂದ ನಾನು ತುಂಗಾತೀರ ಅವರ ಪರ. ಎರಡು ಉದಾಹರಣೆಗಳನ್ನು ಕೊಡುತ್ತೇನೆ.

ಟಿ.ವಿ.ಯಲ್ಲಿ ‘ಬದುಕು ಜಟಕಾ ಬಂಡಿ’ ಎಂಬ ಕಾರ್ಯಕ್ರಮ ಬರುತ್ತಿತ್ತು. ಮಕ್ಕಳು ಅದರ ಹೆಸರನ್ನು ತಂದೆ ತಾಯಿಯರಿಂದ ಕೇಳಿದ್ದಾರೆ, ಅದು ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದ್ದು ಎಂದು ಹೇಳಿದಾಗ ಕಣ್ಣರಳಿಸುತ್ತಾರೆ. ಆಮೇಲೆ ನಾಲ್ಕೂ ಸಾಲುಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ:

ಬದುಕು ಜಟಕಾಬಂಡಿ, ವಿಧಿಯದರ ಸಾಹೇಬ,
ಕುದುರೆ ನೀನ್, ಅವನು ಪೇಳ್ದಂತೆ ಪಯಣಿಗರು;
ಮದುವೆಗೋ ಮಸಣಕೋ ಹೋಗೆಂದ ಕಡೆಗೋಡು,
ಪದಕುಸಿಯೆ ನೆಲವಿಹುದು – ಮಂಕುತಿಮ್ಮ.

ಮೊದಲ ಸಾಲನ್ನು ಮಾತ್ರ ಹೇಳಿದರೆ ಇದು ವಿಧಿಯ ಮುಂದೆ ಕೈಚೆಲ್ಲಿ ಕೂತವರ ಮಾತಾಗುತ್ತದೆ. ಕೊನೆಯ ಸಾಲಿನಲ್ಲಿ ಕಾಲು ಕುಸಿದರೆ ಆತುಕೊಳ್ಳಲು ನೆಲವಿದೆ ಎಂಬ ಧೈರ್ಯವಿದೆ. ನಾನು ಮಕ್ಕಳಿಗೆ ಪ್ರತಿ ಸಾಲಿನ ಎರಡನೆಯ ಅಕ್ಷರದ ಕೆಳಗೆ ಗೆರೆ ಎಳೆಯಲು ಹೇಳುತ್ತೇನೆ: ಬದುಕು, ಕುದುರೆ, ಮದುವೆ, ಪದ. ನಾಲ್ಕೂ ಕಡೆ ದಕಾರ. ‘ಹುಲ್ಲಾಗು ಬೆಟ್ಟದಡಿ’ಯಲ್ಲಿ ಹುಲ್ಲು, ಕಲ್ಲು, ಬೆಲ್ಲ, ಎಲ್ಲ ಎಂದು ಲಕಾರದ ಒತ್ತು ಬರುತ್ತದೆ. ಹಳಗನ್ನಡದಿಂದ ಬಂದ ಆದಿಪ್ರಾಸದ ಈ ಕಟ್ಟನ್ನು ಒಮ್ಮೆ ಗುರುತಿಸಿದ ಮಕ್ಕಳು, ವಾಟ್ಸಾಪಿನಲ್ಲಿ ‘ಮಂಕುತಿಮ್ಮ’ ಎಂಬ ಅಂಕಿತ ಅಂಟಿಸಿಕೊಂಡು ಓಡಾಡುವ ನಕಲಿ ಕಗ್ಗಗಳನ್ನು ತಾವೇ ಪತ್ತೆಮಾಡುತ್ತಾರೆ. ನಮ್ಮ ಬಳಗದಲ್ಲಿಯೂ ಹಂಚಿಕೊಳ್ಳುವ ಮೊದಲು ಈ ಪರೀಕ್ಷೆ ಮಾಡಬಹುದು.

ಎರಡನೆಯದು ಜಿ.ಎಸ್. ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು ಅಂದು ನಾನು’. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಡುತ್ತಿದ್ದ ಗಾಯನ ಸ್ಪರ್ಧೆಯ ಹೆಸರು ಈ ಕವಿತೆಯಿಂದ ಬಂದದ್ದು. ಆ ಕಾರ್ಯಕ್ರಮದಿಂದಾಗಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡ ಹಾಡುಗಳನ್ನು ಕಲಿತರು. ಕವಿತೆಯೊಳಗೆ ‘ಹಾಡು ಹಕ್ಕಿಗೆ ಬೇಕೆ ಬಿರುದು ಸನ್ಮಾನ’ ಎಂಬ ಪ್ರಶ್ನೆ ಇದೆ. ಎಲ್ಲರೂ ಕೇಳಲಿ ಎಂದು ತಾನು ಹಾಡುವುದಿಲ್ಲ, ಹಾಡುವುದು ತನಗೆ ಅನಿವಾರ್ಯ ಕರ್ಮ ಎಂದು ಕವಿ ಹೇಳುತ್ತಾರೆ. ಸ್ಪರ್ಧೆಯಲ್ಲಿ ಸೋತು ಬಂದ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಗಮಕಪ್ರಿಯ

ಪದ್ಯಪಾಠ ಮೇಡಂ ಅವರ ಮಾತು ಓದಿ, ಕಾವ್ಯವನ್ನು ರಾಗವಾಗಿ ವಾಚಿಸುವ ನಮ್ಮ ಗಮಕ ಕಲೆಯ ನೆನಪಾಯಿತು. ಕಾವ್ಯವನ್ನು ಹಾಡಿ ಹಂಚುವುದು ಸಿನಿಮಾ ಬಂದ ಮೇಲೆ ಹುಟ್ಟಿದ ಪದ್ಧತಿಯಲ್ಲ. ಕುಮಾರವ್ಯಾಸನ ಭಾರತವನ್ನು ಅಕ್ಷರ ಓದಲು ಬಾರದವರೂ ತಿಳಿದಿದ್ದರು, ಏಕೆಂದರೆ ಊರಿನ ಜಗಲಿಯಲ್ಲಿ, ದೇವಸ್ಥಾನದ ಪ್ರಾಂಗಣದಲ್ಲಿ ಅದರ ವಾಚನ ನಡೆಯುತ್ತಿತ್ತು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಈ ಪರಂಪರೆ ಇಂದಿಗೂ ಉಳಿದಿದೆ; ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಗಮಕದಲ್ಲಿ ಇಬ್ಬರು ಕೂರುತ್ತಾರೆ ಎಂಬುದು ಈ ಚರ್ಚೆಗೆ ಮುಖ್ಯ. ಒಬ್ಬರು ವಾಚನಕಾರರು, ಇನ್ನೊಬ್ಬರು ವ್ಯಾಖ್ಯಾನಕಾರರು. ವಾಚಿಸುವ ಗಮಕಿಯು ಆರು ಸಾಲಿನ ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ಭಾವಕ್ಕೆ ಒಪ್ಪುವ ರಾಗದಲ್ಲಿ, ಪದಗಳು ಒಡೆಯದಂತೆ ಹಾಡಿ ನಿಲ್ಲಿಸುತ್ತಾರೆ. ವ್ಯಾಖ್ಯಾನಕಾರರು ಆ ಪದ್ಯದ ಅರ್ಥವನ್ನು ಬಿಡಿಸುತ್ತಾರೆ, ಸಂದರ್ಭ ಹೇಳುತ್ತಾರೆ, ಹಿಂದಿನ ಪದ್ಯಕ್ಕೂ ಮುಂದಿನದಕ್ಕೂ ಕೊಂಡಿ ಹಾಕುತ್ತಾರೆ. ಆಮೇಲೆ ಮುಂದಿನ ಪದ್ಯ. ರಾಗ ಎಷ್ಟೇ ಸೊಗಸಾಗಿದ್ದರೂ ಅದು ಸಾಹಿತ್ಯವನ್ನು ಮೀರುವಂತಿಲ್ಲ. ಈಗ ಸಿನಿಮಾ ಹಾಡುಗಳಲ್ಲಿ, ಸುಗಮ ಸಂಗೀತದಲ್ಲಿ ನಮಗೆ ಗಾಯಕರು ಸಿಕ್ಕಿದ್ದಾರೆ, ಶ್ರೇಷ್ಠ ಗಾಯಕರೇ ಸಿಕ್ಕಿದ್ದಾರೆ. ಇಲ್ಲದಿರುವುದು ವ್ಯಾಖ್ಯಾನಕಾರರ ಪೀಠ. ಸಾಧನಕೇರಿಯವರು ಬೇಂದ್ರೆಯವರ ಕವಿತೆಗೆ ಮಾಡಿದ್ದು ವ್ಯಾಖ್ಯಾನಕಾರರ ಕೆಲಸವೇ. ಹಾಡಿನ ಕೊಂಡಿಯ ಕೆಳಗೆ ಅಂಥ ಒಂದು ಪ್ಯಾರಾ ಇದ್ದರೆ ಭೂಮಿಗೀತ ಅವರ ಆತಂಕದ ದೊಡ್ಡ ಪಾಲು ಕರಗುತ್ತದೆ ಎಂದು ನನ್ನ ನಂಬಿಕೆ.

ಭೂಮಿಗೀತ

ವ್ಯಾಖ್ಯಾನದ ಮಾತು ನನಗೆ ಹಿಡಿಸಿತು, ಒಪ್ಪುತ್ತೇನೆ. ‘ಭೂಮಿಗೀತ’ದ ಭಾಗವನ್ನು ಖಂಡಿತ ಹಾಕುತ್ತೇನೆ. ಒಂದು ಷರತ್ತು ಮಾತ್ರ: ವ್ಯಾಖ್ಯಾನವು ಕವಿತೆಗಿಂತ ಉದ್ದವಾಗಬಾರದು, ಮತ್ತು ಕವಿತೆಯಿಂದ ಜೀವನಪಾಠವನ್ನು ಹಿಂಡುವ ಕೆಲಸಕ್ಕೆ ಇಳಿಯಬಾರದು.

ಕೋಟಿತೀರ್ಥ

ನಾನು ಈ ಬಳಗದಲ್ಲಿ ಚಿಕ್ಕವಳು. ಹಿರಿಯರು ಹಳೆಯ ಕವಿಗಳು ಸಿನಿಮಾಕ್ಕೆ ಹೋದ ಕಥೆ ಹೇಳಿದ್ದೀರಿ. ನನ್ನ ತಲೆಮಾರು ಹಿಮ್ಮುಖವಾಗಿ, ಸಿನಿಮಾದಿಂದ ಕಾವ್ಯಕ್ಕೆ ಬಂದದ್ದು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ‘ಅನಿಸುತಿದೆ ಯಾಕೋ ಇಂದು’ ಹಾಡನ್ನು ಬರೆದ ಜಯಂತ ಕಾಯ್ಕಿಣಿಯವರು ಆಗ ನಮಗೆ ಚಿತ್ರಸಾಹಿತಿ ಮಾತ್ರ. ಅವರ ಮೊದಲ ಕವನ ಸಂಕಲನ ‘ರಂಗದಿಂದೊಂದಿಷ್ಟು ದೂರ’ 1974ರಷ್ಟು ಹಿಂದೆಯೇ ಬಂದಿತ್ತು ಎಂಬುದು ತಿಳಿದಾಗ ಬಹಳ ಆಶ್ಚರ್ಯವಾಯಿತು. ‘ಕೋಟಿತೀರ್ಥ’, ‘ಶ್ರಾವಣ ಮಧ್ಯಾಹ್ನ’, ‘ನೀಲಿಮಳೆ’, ‘ಒಂದು ಜಿಲೇಬಿ’ ಎಂದು ಸಂಕಲನಗಳನ್ನು ಓದುತ್ತಾ ಹೋದಂತೆ, ಹಾಡಿನಲ್ಲಿ ಮಿಂಚಿ ಮರೆಯಾಗುವ ಪ್ರತಿಮೆಗಳು ಕವಿತೆಗಳಲ್ಲಿ ನಿಧಾನವಾಗಿ, ಬಸ್ ನಿಲ್ದಾಣ, ಚಾಳು, ಆಸ್ಪತ್ರೆಯ ವಾರ್ಡುಗಳ ನಡುವೆ ಬಾಳುತ್ತಿರುವುದು ಕಂಡಿತು. ಅಡಿಗರ ಕವಿತೆಗೆ ರಾಗ ಹಾಕಿದ ಮನೋಮೂರ್ತಿಯವರೇ ಈ ಹಾಡಿಗೂ ರಾಗ ಹಾಕಿದವರು ಎಂಬುದು ಈ ಚರ್ಚೆಯ ಮೊದಲ ಬರಹವನ್ನು ಓದಿದಾಗ ನೆನಪಾಗಿ ತುಂಬ ಸಂತೋಷವಾಯಿತು.

ಶಿಶುನಾಳ ಶರೀಫರೂ ನನಗೆ ಸಿಕ್ಕಿದ್ದು ಹೀಗೆಯೇ. ರಘು ದೀಕ್ಷಿತ್ ಅವರ ಗಿಟಾರಿನ ಜೊತೆ ‘ಗುಡುಗುಡಿಯ ಸೇದಿ ನೋಡೋ’ ಕೇಳಿ, ಅದು ಹೊಸ ಹಾಡೆಂದೇ ತಿಳಿದು ಕುಣಿದವರು ನನ್ನ ಕಾಲೇಜಿನಲ್ಲಿ ಅನೇಕರಿದ್ದರು. ಹತ್ತೊಂಬತ್ತನೆಯ ಶತಮಾನದ ತತ್ವಪದಕಾರರೊಬ್ಬರು ಹುಕ್ಕಾ ಸೇದುವ ನೆಪದಲ್ಲಿ ದೇಹದ ಬಗ್ಗೆ, ಅರಿವಿನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಅಜ್ಜ ಬಿಡಿಸಿ ಹೇಳಿದ ಮೇಲೆ ನಾನು 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದ ಅಶ್ವತ್ಥರ ಹಾಡುಗಳನ್ನು ಹುಡುಕಿ ಕೇಳಿದೆ, ಆಮೇಲೆ ಪದಗಳ ಪುಸ್ತಕ ತರಿಸಿಕೊಂಡೆ. ಕುಣಿದದ್ದರಿಂದ ಶರೀಫರಿಗೆ ಅಗೌರವವಾಯಿತೆಂದು ನನಗೆ ಅನ್ನಿಸುವುದಿಲ್ಲ. ಗುರು ಗೋವಿಂದ ಭಟ್ಟರೊಡನೆ ಊರೂರು ಅಲೆದು ಪದ ಹಾಡಿದವರು ಅವರು.

ಊರುಕೇರಿ

ಇಷ್ಟೂ ಹೊತ್ತಿನ ಚರ್ಚೆಯಲ್ಲಿ ಬಾರದ ಇಬ್ಬರನ್ನು ನಾನು ಸೇರಿಸಬೇಕು. ಪುಟ್ಟಣ್ಣ ಕಣಗಾಲರ 1983ರ ‘ಧರಣಿ ಮಂಡಲ ಮಧ್ಯದೊಳಗೆ’ ಸಿನಿಮಾದ ‘ಗೆಳತಿ ಓ ಗೆಳತಿ’ ಹಾಡು ಸಿದ್ದಲಿಂಗಯ್ಯನವರದು. ಸಿನಿಮಾದ ಹೆಸರು ‘ಗೋವಿನ ಹಾಡಿ’ನ ಮೊದಲ ಸಾಲು, ಒಳಗಿನ ಹಾಡು 1975ರಲ್ಲಿ ‘ಹೊಲೆಮಾದಿಗರ ಹಾಡು’ ಸಂಕಲನದಿಂದ ಕನ್ನಡ ಕಾವ್ಯದ ದನಿಯನ್ನೇ ಬದಲಿಸಿದ ದಲಿತ ಕವಿಯದು. ಒಂದೇ ಚಿತ್ರದಲ್ಲಿ ಜನಪದದ ಪುಣ್ಯಕೋಟಿಯೂ ಬಂಡಾಯದ ಕವಿಯೂ ಭೇಟಿಯಾದ ಇಂಥ ಇನ್ನೊಂದು ಸಂದರ್ಭ ನನಗೆ ತಿಳಿದಿಲ್ಲ. ಆದರೆ ಪ್ರೇಮಗೀತೆಯನ್ನು ಗುನುಗುವವರಲ್ಲಿ ಎಷ್ಟು ಜನ ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’ ಎಂದು ಕೇಳಿದವರೂ ಅವರೇ ಎಂದು ಬಲ್ಲರು? ಈ ಹಾಡಿಗೆ ಸಿನಿಮಾ ಬೇಕಾಗಿರಲಿಲ್ಲ. ಅದು ತಮಟೆಯ ಜೊತೆ ಮೆರವಣಿಗೆಗಳಲ್ಲಿ, ಬೀದಿಗಳಲ್ಲಿ ಹಾಡಿಕೊಂಡೇ ನಾಡಿನ ತುಂಬ ಹರಡಿತು. ಜನಪ್ರಿಯ ಎಂದರೆ ಸಿನಿಮಾ, ಟಿ.ವಿ., ಕ್ಯಾಸೆಟ್ ಮಾತ್ರ ಎಂದು ತಿಳಿದರೆ ಈ ಹಾಡಿನ ದಾರಿ ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಹೋರಾಟದ ಹಾಡುಗಳನ್ನೂ ಈ ಹಂಚಿಕೆಯೊಳಗೆ ಸೇರಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಇನ್ನೊಬ್ಬರು ಪಿ. ಲಂಕೇಶರು. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯಲ್ಲಿ ರಾಜಕೀಯ ವರದಿಗಳ ನಡುವೆ ‘ನೀಲು’ ಎಂಬ ಹೆಸರಿನಲ್ಲಿ ಮೂರು ನಾಲ್ಕು ಸಾಲಿನ ಪದ್ಯಗಳು ಬರುತ್ತಿದ್ದವು. ಹಳ್ಳಿಯ ಚಹಾ ಅಂಗಡಿಯಲ್ಲಿ ಪತ್ರಿಕೆ ಓದುವವರೂ ಅವನ್ನು ಓದುತ್ತಿದ್ದರು. ಇವತ್ತು ಅದೇ ಸಾಲುಗಳು ಹೆಸರಿಲ್ಲದೆ, ಕೆಲವು ಬೇರೆಯವರ ಹೆಸರಿನಲ್ಲಿ ಹರಿದಾಡುತ್ತಿವೆ. ಹಂಚಿಕೊಳ್ಳುವಾಗ ಹೆಸರು ಹಾಕುವುದು ಕನಿಷ್ಠ ಮರ್ಯಾದೆ.

ತಿಳಿಸಾರು

ಊರುಕೇರಿಯವರು ಇಬ್ಬರನ್ನು ಸೇರಿಸಿದರು, ಧನ್ಯವಾದಗಳು. ಆದರೆ ಗಮನಿಸಿ: ಇಷ್ಟು ಉದ್ದದ ಚರ್ಚೆಯಲ್ಲಿ ಒಬ್ಬ ಕವಯಿತ್ರಿಯ ಹೆಸರೂ ಬಂದಿಲ್ಲ. ತ್ರಿವೇಣಿಯವರ ಹೆಸರು ಬಂತು, ಅದೂ ಕಾದಂಬರಿಯ ಕಾರಣಕ್ಕೆ. ಇದು ಇಲ್ಲಿ ಬರೆದವರ ತಪ್ಪೆಂದು ನಾನು ಹೇಳುತ್ತಿಲ್ಲ. ಯಾವ ಕವಿತೆಗೆ ರಾಗ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬ ಆಯ್ಕೆಯಲ್ಲೇ ಇದು ಅಡಗಿದೆ. ನಮ್ಮ ಭಾವಗೀತೆಗಳಲ್ಲಿ ಹೆಣ್ಣಿನ ದನಿ ಧಾರಾಳವಾಗಿದೆ. ‘ನಾನು ಬಡವಿ ಆತ ಬಡವ’ ಎಂಬಂಥ ಅಪೂರ್ವ ಸಾಲುಗಳಿವೆ, ಆದರೆ ಬಹುಪಾಲು ಬರೆದವರು ಗಂಡಸರು. ಹೆಣ್ಣುಮಕ್ಕಳೇ ತಮ್ಮ ಬಗ್ಗೆ ಬರೆದದ್ದು ಬಿಡಿಬಿಡಿಯಾದ, ಮಾತಿನ ಲಯದ ಕವಿತೆಗಳಲ್ಲಿ ಇದೆ, ಅವಕ್ಕೆ ಹಾರ್ಮೋನಿಯಂ ಒಗ್ಗಲಿಲ್ಲ.

ವೈದೇಹಿಯವರನ್ನು ಸಿನಿಮಾ ಬಲ್ಲವರು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಿಂದ ಬಲ್ಲರು, ಅದು ಅವರ ಕಥೆಯನ್ನು ಆಧರಿಸಿದ್ದು. ಅವರ ಒಂದು ಕವಿತೆ ಕಾವ್ಯ ಬಲ್ಲ ಪಂಡಿತರನ್ನು ಉದ್ದೇಶಿಸಿ, ತಿಳಿಸಾರು ಎಂದರೇನೆಂದು ನಿಮಗೆ ಗೊತ್ತೇ ಎಂದು ಕೇಳುತ್ತದೆ. ಅಡುಗೆಮನೆಯಲ್ಲಿ ನಿಂತು, ತಿಳಿಯಾಗಿ ಕಾಣುವ ಸಾರಿನ ಹಿಂದಿನ ಹದವನ್ನು ಹೇಳುತ್ತಾ ಹೇಳುತ್ತಾ ಆ ಕವಿತೆ ಕಾವ್ಯದ ಹದವನ್ನೇ ಹೇಳಿಬಿಡುತ್ತದೆ. ಗುಲಾಬಿ ಟಾಕೀಸಿನ ಒಂದು ದೃಶ್ಯದ ಜೊತೆ ಈ ಕವಿತೆಯ ಓದನ್ನು ಇಡಬೇಕೆಂದು ನನ್ನ ಸೂಚನೆ. ಹಾಡುವುದು ಬೇಡ, ಯಾರಾದರೂ ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಹಾಕಲಿ. ಪ್ರತಿಭಾ ನಂದಕುಮಾರ್ ಅವರ ಕವಿತೆಗಳಿಗೂ ಹೀಗೆಯೇ ಓದು ಬೇಕು.

ಪುಸ್ತಕಪಾಲಕ

ಗ್ರಂಥಾಲಯದಲ್ಲಿ ಕೆಲಸ ಮಾಡುವವನಾಗಿ ಒಂದು ವ್ಯಾವಹಾರಿಕ ವಿಷಯ ಹೇಳುತ್ತೇನೆ. ಇಡೀ ಕವಿತೆಯನ್ನು ಹಾಕಬೇಕೆಂಬ ಆಸೆ ಸರಿಯಾದುದೇ, ಆದರೆ ಭಾರತದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಅವರ ವಾರಸುದಾರರದು. ಡಿ.ವಿ.ಜಿ. 1975ರಲ್ಲಿ ತೀರಿಕೊಂಡರು, ಆದ್ದರಿಂದ ಅವರ ಕೃತಿಗಳ ಹಕ್ಕು 2035ರ ಕೊನೆಯವರೆಗೆ ಇರುತ್ತದೆ. ಬೇಂದ್ರೆಯವರದು 2041, ಅಡಿಗರದು 2052, ಕುವೆಂಪು ಅವರದು 2054. ವಿಮರ್ಶೆ, ವ್ಯಾಖ್ಯಾನಕ್ಕಾಗಿ ಕೆಲವು ಸಾಲುಗಳನ್ನು ಉದ್ಧರಿಸುವುದಕ್ಕೆ ಅಡ್ಡಿಯಿಲ್ಲ. ಪುಸ್ತಕದ ಪುಟಗಳನ್ನೇ ಫೋಟೋ ತೆಗೆದು ಹಾಕುವುದು ಸರಿಯಲ್ಲ. ಸಂಕಲನದ ಹೆಸರು ಮತ್ತು ಪ್ರಕಾಶಕರನ್ನು ಸೂಚಿಸಿದರೆ ಓದುಗರು ಕೊಂಡು ಓದುತ್ತಾರೆ, ಇಲ್ಲವೇ ತಮ್ಮ ಊರಿನ ಗ್ರಂಥಾಲಯದಲ್ಲಿ ಕೇಳುತ್ತಾರೆ. ಪಂಪ, ಕುಮಾರವ್ಯಾಸ, ವಚನಕಾರರು, ದಾಸರು, ಶರೀಫರು ಎಲ್ಲರ ಸ್ವತ್ತು. ಅವರ ಮೂಲ ಪದ್ಯಗಳನ್ನು ಧಾರಾಳವಾಗಿ ಪೂರ್ತಿ ಹಂಚಿಕೊಳ್ಳಬಹುದು. ವಚನಗಳ ಪಾಠವನ್ನು ಪರಿಶೀಲಿಸಲು ‘ವಚನ ಸಂಚಯ’ ಜಾಲತಾಣದಲ್ಲಿ ಪದ ಹಾಕಿ ಹುಡುಕುವ ಸೌಲಭ್ಯವಿದೆ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಭಾನುವಾರದಿಂದ ವಾರಕ್ಕೆ ಒಂದು ಜೋಡಿಯನ್ನು ಹಾಕುವುದೆಂದು ಇಟ್ಟುಕೊಳ್ಳೋಣ. ಹಾಡು ಅಥವಾ ದೃಶ್ಯದ ಕೊಂಡಿ, ಕವಿಯ ಹೆಸರು, ಸಂಕಲನದ ಹೆಸರು, ಉದ್ಧರಣೆ ಒಂದೆರಡು ಚರಣಗಳಿಗೆ ಮೀರದಂತೆ, ವ್ಯಾಖ್ಯಾನದ ಒಂದು ಪ್ಯಾರಾ, ಮತ್ತು ಅದೇ ಕವಿಯ ಹಾಡಾಗದ ಕವಿತೆಯೊಂದರ ಓದು. ಕವಿತೆಯನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವುದಾದರೆ ಹಕ್ಕುದಾರರ ಒಪ್ಪಿಗೆ ಕೇಳುವ ಹೊಣೆಯನ್ನು ಪುಸ್ತಕಪಾಲಕರು ವಹಿಸಿಕೊಳ್ಳುತ್ತಾರೆಂದು ಭಾವಿಸಿದ್ದೇನೆ. ಮೊದಲ ವಾರಕ್ಕೆ ಅಡಿಗರು ಎಂದು ನಾನು ಆರಂಭದಲ್ಲಿ ಎಣಿಸಿದ್ದೆ. ತಿಳಿಸಾರು ಅವರ ಮಾತಿನ ನಂತರ ವೈದೇಹಿಯವರಿಂದಲೇ ಶುರುವಾಗಲಿ ಎಂದು ನನ್ನ ಮನವಿ. ಎರಡನೆಯ ವಾರ ಸಿದ್ದಲಿಂಗಯ್ಯ, ಮೂರನೆಯದು ‘ಮೋಹನ ಮುರಳಿ’ ಮತ್ತು ‘ಭೂಮಿಗೀತ’.

ತಿಳಿಸಾರು

ಒಪ್ಪಿದೆ. ಓದುವುದಕ್ಕೆ ಕುಂದಾಪುರದ ಕಡೆಯ ಮಾತಿನ ಲಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ. ಪ್ರವೇಶಿಕೆಯನ್ನು ನಾನು ಶುಕ್ರವಾರದೊಳಗೆ ಬರೆದು ಕಳಿಸುತ್ತೇನೆ.